ಒಂದು ಗಂಟಲು, ಎರಡು ದನಿ

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಕಡಲಿನಾಚೆ ಉಕ್ಕಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿಯ ಆಸ್ಥಾನದಲ್ಲಿ ಇಬ್ಬರು ಹಾಡುಗಾರರಿದ್ದರು. ಬೊಮ್ಮರಸನ ದನಿ ಗುಡುಗಿನಂಥದ್ದು, ನಾಗಲೆಯದು ಮಿಂಚಿನಂಥದ್ದು. ಉಕ್ಕಿನ ತಂತಿಗಳು ಝೇಂಕರಿಸಿ, ನಗಾರಿಗಳು ಮೊಳಗಿ, ಇಬ್ಬರೂ ಕೂಡಿ ಹಾಡಿದರೆ ಯುದ್ಧಕ್ಕೆ ಬಂದವರೂ ಕತ್ತಿ ಕೆಳಗಿಟ್ಟು ಕೇಳುತ್ತಿದ್ದರು.

ಒಂದು ದಿನ ತುಂಬಿದ ಸಭೆಯಲ್ಲಿ ಹಾಡು ಅರ್ಧಕ್ಕೆ ಬಂದಿತ್ತು. ಬೊಮ್ಮರಸ ಬಾಯಿ ತೆರೆದ, ದನಿ ಹೊರಡಲಿಲ್ಲ. ಅದೇ ಗಳಿಗೆಯಲ್ಲಿ ನಾಗಲೆಯ ಬಾಯಿಂದ ಗುಡುಗು ಹೊರಬಿತ್ತು. ಅವನ ಗುಡುಗು! ನಾಗಲೆ ಬೆಚ್ಚಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಮಾಟಗಾತಿ!" ಎಂದು ಯಾರೋ ಕೂಗಿದರು.

"ಇಲ್ಲ ಮಹಾಪ್ರಭು, ನನಗೇನೂ ಗೊತ್ತಿಲ್ಲ!" ಅರ್ಧ ಮಾತು ಅವಳ ದನಿಯಲ್ಲಿ, ಅರ್ಧ ಅವನ ದನಿಯಲ್ಲಿ ಬಂತು.

ರಾಜ ಎದ್ದು ನಿಂತ. "ಈ ವಿದ್ಯೆ ಕರಾಳಗಿರಿಯ ಮಾಟಗಾರನದು. ಮೂರು ದಿನದೊಳಗೆ ಬೊಮ್ಮರಸನ ದನಿ ಬೊಮ್ಮರಸನಿಗೇ ಸೇರಬೇಕು. ಇಲ್ಲವಾದರೆ ನಿನ್ನ ತಲೆ ಉಳಿಯದು."

ನಾಗಲೆ ಹೊರಟಳು. ಬೊಮ್ಮರಸ ಅವಳ ಮುಖ ನೋಡಲಾರ. ಆದರೂ ಹಿಂದೆಯೇ ಹೊರಟ.

ಕರಾಳಗಿರಿಯ ಮೊದಲ ಬಾಗಿಲಲ್ಲಿ ಕಬ್ಬಿಣದ ಸಿಂಹ. "ಗುಡುಗು ಕೇಳಿಸು, ಬಿಡುತ್ತೇನೆ." ನಾಗಲೆ ಹಾಡಿದಳು. ಸಿಂಹ ಸರಿಯಿತು. ತನ್ನ ದನಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಬೊಮ್ಮರಸ ಗೋಡೆಗೆ ಹಣೆಯೊತ್ತಿ ಅತ್ತ.

ಎರಡನೆಯ ಬಾಗಿಲಲ್ಲಿ ಗಾಜಿನ ಕುದುರೆ. "ಮಿಂಚು ಕೇಳಿಸು, ಬಿಡುತ್ತೇನೆ." ನಾಗಲೆ ತನ್ನ ದನಿಯಲ್ಲಿ ಹಾಡಿದಳು. ಕುದುರೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಗಂಡಭೇರುಂಡ. "ನನಗೆ ಗುಡುಗು" ಎಂದಿತು ಒಂದು ತಲೆ. "ನನಗೆ ಮಿಂಚು" ಎಂದಿತು ಇನ್ನೊಂದು. "ಎರಡೂ ಒಟ್ಟಿಗೆ!"

ನಾಗಲೆ ಯತ್ನಿಸಿದಳು. ಎರಡು ದನಿ ಒಂದೇ ಗಂಟಲಲ್ಲಿ ಸಿಕ್ಕಿಕೊಂಡವು, ಅವಳು ಕೆಮ್ಮಿದಳು. ಅಂಗೈ ತುಂಬ ರಕ್ತ.

"ಅವನದನ್ನು ಅವನಿಗೆ ಕೊಡುವುದು ಹೇಗೆ?" ಎಂದು ಗಂಡಭೇರುಂಡವನ್ನು ಕೇಳಿದಳು.

"ಅವನ ಕೈಯನ್ನು ನಿನ್ನ ಗಂಟಲಿಗೆ ಒತ್ತಿಕೋ. ಆದರೆ ನಿನ್ನದೂ ಜೊತೆಗೆ ಹೋಗುತ್ತದೆ. ತಿರುಗಿ ಕೊಡುವುದು ಬಿಡುವುದು ಅವನಿಷ್ಟ."

"ತಗೋ ಬೊಮ್ಮಣ್ಣ" ಎಂದು ಅವನ ಕೈ ಹಿಡಿದು ಗಂಟಲಿಗೆ ಒತ್ತಿಕೊಂಡಳು. ಅಷ್ಟಕ್ಕೇ ಅವಳ ದನಿ ಅಡಗಿತು.

ಬೊಮ್ಮರಸ ಗುಡುಗಿದ. ಮರುಗಳಿಗೆ ಮಿಂಚಿದ. ಮೂರು ಲೋಕದಲ್ಲಿ ಅಂಥ ಹಾಡುಗಾರ ಇನ್ನೊಬ್ಬನಿರಲಿಲ್ಲ. ಅವನ ಕಣ್ಣು ಹೊಳೆಯಿತು. ನಾಗಲೆ ಒಂದು ಹೆಜ್ಜೆ ಹಿಂದೆ ಸರಿದಳು.

ಆಮೇಲೆ ಅವನು ಅವಳನ್ನು ನೋಡಿದ. "ಎರಡನ್ನೂ ನೀನೇ ಇಟ್ಟುಕೋ ತಂಗಿ" ಎಂದು ಅವಳ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡ.

ಇಬ್ಬರೂ ಬೇಡವೆಂದ ಮೇಲೆ ಮಾಯೆಗೆ ನಿಲ್ಲಲು ಜಾಗವೆಲ್ಲಿ? ಗುಡುಗು ಅವನಲ್ಲೇ ಉಳಿಯಿತು, ಮಿಂಚು ಅವಳಿಗೆ ಬಂತು. ಕೂಡಿ ಹಾಡಿದರು. ಬಾಗಿಲು ತೆರೆಯಿತು.

ಒಳಗೆ ಕರಿಯ ನಿಲುವಂಗಿಯವನೊಬ್ಬ ತಿರುಗಿ ನೋಡಿದ. ಇಬ್ಬರೂ ಬೆಚ್ಚಿ ನಿಂತರು. ಚಿಕ್ಕಂದಿನಿಂದ ಸಾಕಿ ಸ್ವರ ಕಲಿಸಿದ, ತೀರ್ಥಯಾತ್ರೆಗೆಂದು ಹೋಗಿ ತಿರುಗಿ ಬಾರದ ಗುರು ಓಂಕಾರಯ್ಯ!

"ನೀವಾ... ಗುರುಗಳೇ?"

"ನಾನೇ. ಮುಪ್ಪು ನನ್ನ ದನಿ ತಿಂದುಹಾಕಿತು. ಬೊಮ್ಮನ ದನಿಗೆ ನನ್ನ ಬಳಿ ಬಾ ಎಂದೆ. ಅದು ಇಷ್ಟು ವರ್ಷ ಜೊತೆಗಿದ್ದವಳ ಬಳಿಗೇ ಓಡಿತು! ಈ ಸಲ ತಪ್ಪಿಸಿಕೊಳ್ಳಲಿ ನೋಡೋಣ" ಎಂದು ಮಂತ್ರದಂಡ ಎತ್ತಿದ.

ಇಬ್ಬರೂ ಅಳುತ್ತಲೇ ಹಾಡಿದರು. ದಂಡ ತುಪ್ಪದಂತೆ ಕರಗಿ ಸೋರಿತು. ಮುದುಕ ಕುಸಿದ. ನಾಗಲೆ ಅವನ ಬಾಯಿಗೆ ನೀರು ಹಾಕಿದಳು.

"ಒಂದು ಮಾತು ಹೇಳಿದ್ದರೆ ನಿಮ್ಮನ್ನು ನಮ್ಮ ನಡುವೆ ಕೂರಿಸಿಕೊಳ್ಳುತ್ತಿರಲಿಲ್ಲವೇ, ಗುರುಗಳೇ?"

ಓಂಕಾರಯ್ಯ ಮುಖ ಮುಚ್ಚಿಕೊಂಡ.

ಮೂರನೆಯ ದಿನ ಮೂವರೂ ಆಸ್ಥಾನಕ್ಕೆ ಮರಳಿದಾಗ ರಾಜ ಸಿಂಹಾಸನ ಇಳಿದು ಬಂದು ನಾಗಲೆಯ ಕ್ಷಮೆ ಕೇಳಿದ. ಮಾಯೆ ಕಳೆದುಕೊಂಡ ಓಂಕಾರಯ್ಯ ಊರ ಮಕ್ಕಳಿಗೆ ತಾಳ ಹೇಳಿಕೊಡುತ್ತ ಉಳಿದ ದಿನ ಕಳೆದ. ಅವರೆಲ್ಲ ಸುಖವಾಗಿದ್ದರು, ಈ ಕತೆ ಕೇಳಿದವರ ಮನೆಯೂ ತಣ್ಣಗಿರಲಿ.