ಕೊನೆಯ ಗುಹೆಯ ಪುಸ್ತಿಕೆ

"ನೀನಿಲ್ಲದೆ ಕೊನೇ ಗುಹೆ ಒಳಗೆ ಕಾಲಿಡಲ್ಲ," ಎಂದು ಹದಿನೆಂಟು ವರ್ಷಗಳ ಹಿಂದೆ ಪೋ-ಹಾನ್ ತಂಗಿ ಯೂ-ಜೆನ್‌ಗೆ ಮಾತು ಕೊಟ್ಟಿದ್ದ. ಅವಳು ಅಜ್ಜಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಕಂಪ್ಯೂಟರನ್ನೂ ಆ ಗುಹೆಯ ಆಟದ ಡಬ್ಬಿಯನ್ನೂ ಮಾರಿಬಿಟ್ಟಿದ್ದರು.

ತೈಪೆಯ ನೆಲಮಾಳಿಗೆ ಮಾರುಕಟ್ಟೆಯಲ್ಲಿ, ರಿಪೇರಿಯ ಕೋ ಮೇಷ್ಟ್ರ ಬಳಿ ಈಗ ಯೂ-ಜೆನ್ ಬೆಸುಗೆ ಕೆಲಸಕ್ಕಿದ್ದಳು. ಕಳೆದುಹೋದದ್ದೇನೇ ಇರಲಿ, ಇಡೀ ಮಾರುಕಟ್ಟೆ ಓಡಿಬರುತ್ತಿದ್ದುದು ಮೇಷ್ಟ್ರ ಬಳಿಗೇ. ಆ ಬೆಳಿಗ್ಗೆ ಹಳೆಯ ಸಾಮಾನಿನ ರಾಶಿಯಲ್ಲಿ ಅವಳಿಗೆ ಅದೇ ಡಬ್ಬಿ ಸಿಕ್ಕಿತು. ಮೂಲೆಗೆ ತಾನೇ ಅಂಟಿಸಿದ್ದ ಗುಲಾಬಿ ಪಟ್ಟಿ. ಎಂಬತ್ತು ತೈವಾನ್ ಡಾಲರ್, ಅಂದರೆ ಅಂದಿನ ಊಟ. ಊಟ ಬಿಟ್ಟಳು. ಒಳಗಿದ್ದ ಪುಸ್ತಿಕೆಯನ್ನು ಅಣ್ಣ ಬಂದ ಮೇಲೆ ತೆರೆಯೋಣವೆಂದು ಹಾಗೇ ಇಟ್ಟಳು. ನಾಳೆ ಅವನು ಹಡಗು ಹತ್ತುತ್ತಾನೆ. ಮತ್ತೆ ಬರುವುದು ಎರಡು ವರ್ಷಕ್ಕೆ.

ಅಣ್ಣ ಬಂದ. ಅವಳು ಚಹಾ ತರಲು ಹೋಗಿ ಬಂದಾಗ ಪಕ್ಕದ ಅಂಗಡಿಯ ಪೆಂಗ್ ಕೂಡ ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಡಬ್ಬಿಯ ಹತ್ತಿರ ನಿಂತಿದ್ದ. ಒಳಗಡೆ ಡಬ್ಬಿಯ ಫ್ಲಾಪಿಗಳನ್ನು ಒರೆಸುತ್ತಿದ್ದ ಮೇಷ್ಟ್ರು ಅವನ್ನು ತಂದು ಅಂಗಡಿಯ ಹಳೇ ಕಂಪ್ಯೂಟರಿಗೆ ತೂರಿಸಿದರು. ಗುಹೆಯ ಬಾಗಿಲಲ್ಲಿ ಅಂದು ನಿಲ್ಲಿಸಿದ್ದ ಆಟ ಹಾಗೆಯೇ ಎದ್ದು ಬಂತು.

"ನಾಲ್ಕು ಫ್ಲಾಪಿಲಿ ಒಂದು ನದಿ, ಮೂರು ಊರು," ಎಂದರು ಮೇಷ್ಟ್ರು. "ಮಾಡಿದೋರ ಕೈಗೆ ನಮಸ್ಕಾರ ಹಾಕ್ಬೇಕು."

"ಒಳಗೆ ಕಲ್ಲಿನ ಆಮೆ ಮುಟ್ಬೇಡ, ನೀರು ನುಗ್ಗುತ್ತೆ," ಎಂದ ಪೋ-ಹಾನ್.

ನಕಲು ಮಾಡಿದವರು ಮುಂದೆ ಹೋಗದಂತೆ ಪರದೆ ಕೇಳಿತು: ಪುಸ್ತಿಕೆಯ ಹನ್ನೆರಡನೇ ಪುಟದ ಮೊದಲ ಪದ ಯಾವುದು? ಯೂ-ಜೆನ್ ಡಬ್ಬಿ ತೆರೆದಳು. ಪುಸ್ತಿಕೆ ಇರಲಿಲ್ಲ.

"ಪೆಂಗಣ್ಣ, ನಿನ್ ಹತ್ರ ಇದೇ ಆಟದ ನಕಲು ಫ್ಲಾಪಿ ಇದೆ. ಪುಸ್ತಿಕೆ ಒಂದಿಲ್ಲ ಅಂತ ದಿನಾ ಗೋಳಾಡ್ತೀಯ," ಎಂದಳು.

"ಗೋಳಾಡಿದೋರೆಲ್ಲ ಕಳ್ಳರಾದ್ರೆ ಈ ಮಾರ್ಕೆಟ್ಟಿಗೆ ಬೀಗ ಹಾಕ್ಬೇಕಮ್ಮ."

ಮೇಷ್ಟ್ರು ನಾಲ್ಕು ಸ್ಟೂಲು ಎಳೆದು ಎಲ್ಲರನ್ನೂ ಕೂರಿಸಿದರು. "ಡಬ್ಬಿ ಕಪ್ಪು. ಪೆಂಗ್ ಮುಟ್ಟಿದ್ರೆ ಹಿಟ್ಟಿನ ಗುರುತು ಬೀಳ್ತಿತ್ತು. ಬಿದ್ದಿಲ್ಲ. ಹಳೇ ಸಾಮಾನು ಕೂಡಿಡೋನಾಗಿದ್ರೆ ಡಬ್ಬಿ ಸಮೇತ ಒಯ್ತಿದ್ದ. ಅಂದ್ರೆ ಕದ್ದೋನಿಗೆ ಪುಸ್ತಿಕೆ ಬೇಕಾಗಿರ್ಲಿಲ್ಲ, ಅದರಲ್ಲಿರೋದು ಯಾರಿಗೂ ಕಾಣ್ಬಾರ್ದಿತ್ತು." ಅವರು ಪೋ-ಹಾನ್‌ನತ್ತ ತಿರುಗಿದರು. "ನೀವಿಬ್ರೂ ದಾಟೇ ಇಲ್ಲ ಅಂತ ನಿನ್ ತಂಗಿ ಹೇಳಿದ ಬಾಗಿಲು ಇದು. ಒಳಗೆ ಆಮೆ ಇದೆ ಅಂತ ನಿನಗೆ ಹೇಗೆ ಗೊತ್ತಪ್ಪ?"

ಪೋ-ಹಾನ್ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಚೀಲದಿಂದ ಪುಸ್ತಿಕೆ ತೆಗೆದ. ಕೊನೆಯ ಪುಟದಲ್ಲಿ ಹುಡುಗನ ಕೈಬರಹ: ಗುಹೆ ಮುಗಿಸಿದೆ. ಕೆಳಗೆ ತಾರೀಖು.

"ನೀನು ಅಜ್ಜಿ ಮನೇಲಿದ್ದೆ. ಮಾರನೇ ದಿನ ಅಪ್ಪ ಮಾರೋರಿದ್ರು. ತಡ್ಕೊಳಕ್ಕಾಗ್ಲಿಲ್ಲ. ಈಗ ಈ ಪುಟ ಹರಿದು ವಾಪಸ್ ಇಡೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಚಹಾ ತಂದೆ."

ಯೂ-ಜೆನ್ ತಾರೀಖನ್ನು ಎರಡು ಸಲ ಓದಿದಳು. ಆಮೇಲೆ ಹನ್ನೆರಡನೇ ಪುಟ ತೆರೆದು ಮೊದಲ ಪದ ಟೈಪ್ ಮಾಡಿದಳು. ಬಾಗಿಲು ತೆರೆಯಿತು.

"ಆಮೆ ಎಡಕ್ಕೋ ಬಲಕ್ಕೋ?" ಎಂದಳು.

"ಎಡಕ್ಕೆ."

ಮಾತಿಗೆ ತಪ್ಪಿದ್ದ ಅಣ್ಣನ ಜೊತೆಗೇ ಅವಳು ಕೊನೆಯ ಗುಹೆಯೊಳಗೆ ಕಾಲಿಟ್ಟಳು.