ಆರು ವೋಲ್ಟಿನ ಬಲ್ಬು

ಬೂಕನಕೆರೆಯ ರಸ್ತೆ ಬದಿಯಲ್ಲಿ ಬೆಟ್ಟಮ್ಮ ಬಿದ್ದಿದ್ದನ್ನು ಮೊದಲು ಕಂಡವರು ಡೈರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸರು. 1994ರ ಜನವರಿ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಅವಳ ಹಾಲಿನ ಕ್ಯಾನು ಹತ್ತು ಮಾರು ದೂರ ಹಾರಿಬಿದ್ದಿತ್ತು. ಸೊಂಟ ಮುರಿದಿತ್ತು. ಇನ್ನೂ ಜೀವವಿತ್ತು.

ಯಾರೋ ಓಡಿಹೋಗಿ ಅವಳ ಮೈದುನನ ಮಗ ಲೋಕೇಶನನ್ನು ಎಬ್ಬಿಸಿದರು. ಅವನದೊಂದು ಹಳೆಯ ಬಾಡಿಗೆ ಜೀಪಿತ್ತು. ಅದರಲ್ಲೇ ಮಲಗಿಸಿಕೊಂಡು ಕೆ.ಆರ್. ಪೇಟೆ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಜೀವ ಹೋಯಿತು.

ಒಂಬತ್ತು ಗಂಟೆಗೆ ದಫೇದಾರ ಪುಟ್ಟಸ್ವಾಮಿ ಜಾಗಕ್ಕೆ ಬಂದರು. ಇಪ್ಪತ್ತೆರಡು ವರ್ಷದ ಸರ್ವೀಸು. ಹೆಚ್ಚು ಮಾತಿನ ಮನುಷ್ಯರಲ್ಲ. ಕುಕ್ಕರಗಾಲಲ್ಲಿ ಕೂತು ಮಣ್ಣಿನಿಂದ ಗಾಜಿನ ಚೂರುಗಳನ್ನು ಆರಿಸಿದರು. ಜೊತೆಗೆ ಒಂದು ಒಡೆದ ಹೆಡ್‌ಲೈಟ್ ಬಲ್ಬು. ಅದರ ಹಿತ್ತಾಳೆ ಬುಡದಲ್ಲಿ 6 ವೋಲ್ಟ್ ಎಂದು ಕೊರೆದಿತ್ತು.

ರಸ್ತೆಯಂಚಿನ ಮನೆಯ ಬೈರಮ್ಮ ಆ ಹೊತ್ತಿಗೆ ಕೊಟ್ಟಿಗೆ ಗುಡಿಸುತ್ತಿದ್ದಳಂತೆ. ಇನ್ನೂ ಕತ್ತಲಿತ್ತಂತೆ.

"ಬೆಳ್ಳಗೆ ಬೆಳಕು ಬತ್ತಾ ಇತ್ತು ಸ್ವಾಮಿ, ಕಣ್ಣು ಕೋರೈಸೋ ಅಂಗೆ. ದಬಕ್ ಅಂತ ಆರೋಯ್ತು. ಆಮ್ಯಾಕೆ ಗಾಡಿ ಸದ್ದು, ಒಂದು ಕೂಗು. ಮನೆ ಬಂತು ಅಂತ ಯಾರೋ ಲೈಟು ಆರಿಸ್ಬುಟ್ರು ಅಂದ್ಕಂಡೆ."

* * *

ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಅಷ್ಟು ಸಾಕಾಯಿತು. ಬೇಕೆಂದೇ ಲೈಟು ಆರಿಸಿ ಗುದ್ದಿದ್ದಾರೆ, ಇದು ಅಪಘಾತವಲ್ಲ, ಕೊಲೆ ಎಂದರು.

ಎಲ್ಲ ಬೆರಳೂ ದೇವರಾಜುವಿನ ಕಡೆ ತಿರುಗಿದವು. ನಾಲೆ ನೀರಿನ ಸರದಿಗಾಗಿ ಬೆಟ್ಟಮ್ಮನಿಗೂ ಅವನಿಗೂ ಹಿಂದಿನ ವಾರವಷ್ಟೇ ಜಗಳವಾಗಿತ್ತು. ಊರಿನ ಎರಡು ಜೀಪುಗಳಲ್ಲಿ ಆರು ವೋಲ್ಟಿನದು ಅವನದೊಂದೇ. ಲೋಕೇಶ ತಾನಾಗಿಯೇ ಬಾನೆಟ್ ಎತ್ತಿ ತನ್ನ ಹನ್ನೆರಡು ವೋಲ್ಟಿನ ಬ್ಯಾಟರಿ ತೋರಿಸಿದ್ದ. ದೇವರಾಜುವಿನ ಜೀಪಿನ ಎಡಗಡೆಯ ಲೈಟು ಒಡೆದಿತ್ತು. ಒಳಗೆ ಬಲ್ಬೂ ಇರಲಿಲ್ಲ. ಎಮ್ಮೆ ಕೊಂಬಿನಲ್ಲಿ ತಿವಿದು ಎಂಟು ದಿನವಾಯಿತು ಎಂದು ದೇವರಾಜು ಅಂಗಲಾಚಿದ. ನಂಬಿದವರಿಲ್ಲ. ಲೋಕೇಶನಂತೂ ಅವನ ಕೊರಳಪಟ್ಟಿಗೇ ಕೈ ಹಾಕಿದ.

ಆ ಜೀಪನ್ನು ಠಾಣೆಗೆ ತಂದವರು ಪುಟ್ಟಸ್ವಾಮಿಯವರೇ. ಬರುವಾಗ ಮುಸ್ಸಂಜೆ. ಉಳಿದಿದ್ದ ಒಂದು ಲೈಟು ಹಾಕಿದರು. ಹರಳೆಣ್ಣೆ ದೀಪದಷ್ಟು ಹಳದಿ ಬೆಳಕು. ಎದುರಿನ ಹಳ್ಳವೂ ಕಾಣದು. ಬೈರಮ್ಮನ ಮಾತು ನೆನಪಾಯಿತು. ಕೋರೈಸುವ ಬಿಳಿ ಬೆಳಕು ಇಂಥ ಗಾಡಿಯಿಂದ ಎಲ್ಲಿ ಬರಬೇಕು?

* * *

ಮರುದಿನ ಅವರು ಪಾಂಡವಪುರದ ಬಸ್ಸು ಹತ್ತಿದರು. ಹಳೆಯ ಜೀಪು, ಟ್ರಾಕ್ಟರುಗಳ ವೈರಿಂಗ್ ಕೆಲಸಕ್ಕೆ ಸುತ್ತಲಿನ ಹಳ್ಳಿಯವರೆಲ್ಲ ಹೋಗುತ್ತಿದ್ದುದು ಅಲ್ಲಿನ ರಾಮಚಂದ್ರಾಚಾರಿಯ ಹತ್ತಿರ. ಅಕ್ಕಸಾಲಿಗರ ಮನೆತನ. ಚಿನ್ನದ ಕೆಲಸ ಬಿಟ್ಟಿದ್ದರೂ ಅಪ್ಪನ ಭೂತಗನ್ನಡಿ ಬಿಟ್ಟಿರಲಿಲ್ಲ. ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಲ್ಬನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

"ಇದು ಗುದ್ದಿ ಕೆಟ್ಟಿದ್ದಲ್ಲ ದಫೇದಾರ್ರೇ. ಒಡೆಯೋಕೆ ಮೊದ್ಲೇ ಸುಟ್ಟೋಗಿದೆ. ಒಳಗಿನ ತಂತಿ ತುದಿ ನೋಡಿ, ಕರಗಿ ಗುಂಡಿನಂಗಾಗಿದೆ. ಗಾಜಿನ ಒಳಗೆಲ್ಲ ಕಪ್ಪು."

"ಅಂಗಾಗೋದು ಯಾವಾಗ?"

"ಆರು ವೋಲ್ಟಿನ ಬಲ್ಬಿಗೆ ಹನ್ನೆರಡು ವೋಲ್ಟು ಕೊಟ್ಟಾಗ. ಒಂದೆರಡು ನಿಮಿಷ ಹಗಲಿನಂಗೆ ಉರೀತದೆ. ಆಮೇಲೆ ಕತ್ತಲೆ."

ಪುಟ್ಟಸ್ವಾಮಿ ಬಲ್ಬನ್ನು ಜೇಬಿಗಿಟ್ಟರು. ಇತ್ತೀಚೆಗೆ ಯಾರಾದರೂ ಆರರಿಂದ ಹನ್ನೆರಡಕ್ಕೆ ಬದಲಾಯಿಸಿಕೊಂಡರೇ ಎಂದು ಕೇಳಿದರು. ಆಚಾರಿ ಹೇಳಿದ. ಒಂದು ಬಾಡಿಗೆ ಜೀಪು, ಬೂಕನಕೆರೆಯದು. ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದು, ಪ್ಯಾಸೆಂಜರುಗಳೇ ಇಳಿದು ತಳ್ಳಬೇಕು ಎಂದು ಅದರ ಹುಡುಗ ಗೋಗರೆದಿದ್ದ. ಕಳೆದ ಮಂಗಳವಾರ ಬ್ಯಾಟರಿ, ಡೈನಮೋ, ಕಾಯಿಲ್ ಎಲ್ಲ ಬದಲಾಯಿಸಿ ಕೊಟ್ಟಿದ್ದಾಯಿತು. ಹೆಡ್‌ಲೈಟಿನ ಬಲ್ಬು ಮಾತ್ರ ಅಂಗಡಿಯಲ್ಲಿ ಮುಗಿದಿತ್ತು.

"ನಾಳೆ ಬಾ, ಹಾಕ್ಕೊಡ್ತೀನಿ, ಅಲ್ಲೀಗಂಟ ಲೈಟು ಮುಟ್ಬೇಡ ಅಂದಿದ್ದೆ. ಬರ್ಲೇ ಇಲ್ಲ."

ಬೆಟ್ಟಮ್ಮ ಬಿದ್ದದ್ದು ಅದರ ಮರುದಿನ, ಬುಧವಾರ ಬೆಳಿಗ್ಗೆ.

* * *

ಸತ್ತ ಮೂರನೆಯ ದಿನ, ಹಾಲುತುಪ್ಪದ ಶಾಸ್ತ್ರ. ಸಮಾಧಿಗೆ ಹೋಗಿಬಂದ ನೆಂಟರೆಲ್ಲ ಅಂಗಳದಲ್ಲಿ ಕೂತಿದ್ದರು. ಲೋಕೇಶನ ಜೀಪು ಬೇಲಿಯ ಪಕ್ಕ ನಿಂತಿತ್ತು. ಪುಟ್ಟಸ್ವಾಮಿ ಒಂದು ಸುತ್ತು ಬಂದರು. ಬಲಗಡೆಯ ಲೈಟಿನ ಸುತ್ತಲಿನ ಲೋಹದ ಬಳೆ ತುಕ್ಕು ಹಿಡಿದಿತ್ತು. ಎಡಗಡೆಯದು ಹೊಸದು.

"ಇದನ್ನ ಹನ್ನೆರಡು ವೋಲ್ಟು ಯಾವಾಗ ಮಾಡಿಸ್ದಪ್ಪ?"

"ವರ್ಷವಾಯ್ತು ಸ್ವಾಮಿ. ಹೋದ ಯುಗಾದೀಲಿ."

"ಪಾಂಡವಪುರದ ಆಚಾರ್ರು ಮೊನ್ನೆ ಮಂಗಳವಾರ ಅಂತಾರಲ್ಲ."

ಪುಟ್ಟಸ್ವಾಮಿ ಜೇಬಿನಿಂದ ಬಲ್ಬು ತೆಗೆದು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು. ದೇವರಾಜುವಿನ ಜೀಪಿನಲ್ಲಿ ಈ ಬಲ್ಬು ಇದ್ದಿದ್ದರೆ ಅದು ಹೀಗೆ ಸುಡುತ್ತಿರಲಿಲ್ಲ, ಬೈರಮ್ಮ ಕಂಡಷ್ಟು ಬೆಳ್ಳಗೆ ಉರಿಯುತ್ತಲೂ ಇರಲಿಲ್ಲ. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಉಳಿದುಹೋದ ಹಳೆಯ ಬಲ್ಬು ಇದು. ಲೈಟನ್ನು ಯಾರೂ ಆರಿಸಲಿಲ್ಲ, ತಾನೇ ಸುಟ್ಟುಹೋಯಿತು. ಹಾಗಾಗಿ ಇದು ಕೊಲೆಯಲ್ಲ. ಕತ್ತಲಲ್ಲಿ ಗಾಡಿ ನಿಲ್ಲಿಸದೆ ಹೋದದ್ದು, ಇಳಿದು ನೋಡದೆ ಹೋದದ್ದು, ಆಮೇಲೆ ಇನ್ನೊಬ್ಬನ ತಲೆಗೆ ಕಟ್ಟಿದ್ದು ಮಾತ್ರ ತಪ್ಪಲ್ಲ ಎನ್ನುವ ಹಾಗಿಲ್ಲ.

ಲೋಕೇಶ ಎಲ್ಲ ಒಪ್ಪಿಕೊಂಡ. ಮೊದಲ ಟ್ರಿಪ್ಪಿಗೆ ಹೊರಟಿದ್ದನಂತೆ. ಎರಡೂ ಲೈಟು ಒಟ್ಟಿಗೇ ಹೋದವಂತೆ. ಏನೋ ತಗುಲಿತು, ಕರುವಿರಬೇಕು ಎಂದುಕೊಂಡು ಹೆದರಿ ಅಡ್ಡದಾರಿಯಲ್ಲಿ ಮನೆಗೆ ಬಂದು ಮುಸುಕು ಹಾಕಿ ಮಲಗಿದನಂತೆ. ಹೆಂಗಸರು ಬಂದು ಕೂಗಿದಾಗಲೇ ತಿಳಿದದ್ದು. ಆ ಗಡಿಬಿಡಿಯಲ್ಲಿ ಜೀಪಿನ ಮೂತಿ ನೋಡಿದವರಿಲ್ಲ. ಹೆಣವನ್ನು ಆಸ್ಪತ್ರೆಯಲ್ಲಿ ಬಿಟ್ಟು, ಮೈಸೂರಿಗೆ ಹೋಗಿ ಲೈಟು ಹಾಕಿಸಿಕೊಂಡು ಬಂದ.

"ಒಂದು ಗಂಟೆ ಮುಂಚೆ ಆಸ್ಪತ್ರೆ ಸೇರಿದ್ರೆ ಉಳೀತಿದ್ಲೇನೋ ಅಂದ್ರು ಡಾಕ್ಟ್ರು," ಎಂದರು ಪುಟ್ಟಸ್ವಾಮಿ. "ಅವಳಿಗೆ ಗೊತ್ತಾಗಿತ್ತಾ, ಗಾಡಿ ನಿಂದು ಅಂತ?"

"ಇಲ್ಲ. ಎತ್ತಿ ಮಲಗಿಸೋವಾಗ ನನ್ ಕೈ ಇಡ್ಕಂಡಿದ್ಲು. 'ಆ ಗಾಡೀಗೆ ಲೈಟೇ ಇರ್ನಿಲ್ಲ ಕಣ್ ಮಗ, ನೀನು ಉಷಾರಾಗಿ ಓಡ್ಸು' ಅಂದ್ಲು."

ಪುಟ್ಟಸ್ವಾಮಿ ಜೀಪಿನ ಕೀಲಿಗಾಗಿ ಕೈ ಚಾಚಿದರು. ಅವನು ಕೊಟ್ಟ.