ಗೇಟ್‌ಮನೆಯ ನಾತ

"ಥೂ! ಅಸಹ್ಯ!"

ಗಿಲೇನ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಎಸೆದು ಹೊರಗೆ ಓಡಿದಳು.

ಈಗಷ್ಟೇ ಬಂದು ಕೂತಿದ್ದ ಡಚ್ ಗಂಡಹೆಂಡತಿ ಒಂದು ತುತ್ತೂ ತಿನ್ನದೆ ಎದ್ದುಹೋಗಿದ್ದರು. ಕೆಂಪು ವೈನಿನಲ್ಲಿ ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿ ಹಾಗೇ ಇತ್ತು. ಆ ಹೆಂಗಸು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಸೈಕಲ್ ಹತ್ತಿದ್ದಳು.

ಈ ವಾರ ಗಿರಾಕಿಗಳು ಹೀಗೆ ಎದ್ದುಹೋದದ್ದು ಇದು ಆರನೆಯ ಸಲ.

ಮನೆಯ ಹಿಂದೆ ಹಲಗೆಯ ಪಾಯಿಖಾನೆ. ಅದರ ಹಿಂಬಾಗಿಲು ತೆರೆದು, ಹಸಿರು ಅಂಗಿ ತೊಟ್ಟ ಗಂಡಸೊಬ್ಬ ಚಕ್ರದ ತೊಟ್ಟಿಯನ್ನು ಹೊರಗೆಳೆಯುತ್ತಿದ್ದ. ಗೊಯ್ಯೆನ್ನುವ ನೊಣಗಳು. ನಾತ ಬಡಿದದ್ದೇ ಗಿಲೇನ್ ಏಪ್ರನ್ನಿನ ಅಂಚಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ, ಬುದ್ಧಿ ಇದೆಯಾ ನಿಮಗೆ? ಜನ ಊಟಕ್ಕೆ ಕೂತಿರೋ ಹೊತ್ತಲ್ಲೇ ಇದನ್ನ ತೆಗೀಬೇಕಾ?"

ಅವನು ತಿರುಗಿದ. ನಲವತ್ತೈದರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ. ಕಣ್ಣು ಮಾತ್ರ ಕಾಲುವೆಯ ನೀರಿನ ಹಾಗೆ ತಿಳಿ.

"ಮದಾಂ, ತುಂಬಿದ್ದರಿಂದ ನಾತ ಬರ್ತಿಲ್ಲ. ಒಳಗೆ ಏನೋ ಕೆಟ್ಟಿದೆ. ಮರದ ಹೊಟ್ಟು ಹಾಕಿದ್ರೆ ವಾಸನೆ ಬರಬಾರದು. ಯಾರಾದ್ರೂ ಬೇರೆ ಏನಾದ್ರೂ ಸುರೀತಾರಾ?"

"ನಾನೇನು ನಿಮ್ಮ ಪಾಯಿಖಾನೆ ಕಾವಲುಗಾರ್ತಿನಾ?"

"ಅಲ್ಲ ಮದಾಂ... ನನ್ನ ಹೆಸರು ಅನ್ಸೆಲ್ಮ್. ಈ ದಾರಿ ನೋಡ್ಕೊಳ್ಳೋಕೆ ಹೊಸದಾಗಿ..."

"ನಿಮ್ಮ ಹೆಸರು ಕಟ್ಕೊಂಡು ನನಗೇನಾಗ್ಬೇಕು? ನಾತ ನಿಲ್ಲಿಸಿ!"

ದಡಾರನೆ ಬಾಗಿಲು ಹಾಕಿಕೊಂಡಳು. ಎದೆ ಯಾಕೋ ಹೊಡೆದುಕೊಳ್ಳುತ್ತಿತ್ತು. 'ಕೋಪಕ್ಕೆ... ಇನ್ನೇನಕ್ಕೆ?'

ಬೂರ್ಗೋನ್ ಸೀಮೆಯಲ್ಲಿ, ಆ ಮನೆಯ ಮುಂದೆ ಹಾದುಹೋಗುವ ಹಳೇ ರೈಲು ದಾರಿಯ ಹಳಿ ಕಿತ್ತು ಸೈಕಲ್ ದಾರಿ ಮಾಡಿ ಒಂಬತ್ತು ವರ್ಷವಾಗಿತ್ತು. ಎಪ್ಪತ್ತು ಕಿಲೋಮೀಟರು ಒಂದು ಕಾರಿಲ್ಲ, ಒಂದು ಲಾರಿಯಿಲ್ಲ. ಎರಡೂ ಕಡೆ ಪಾಪ್ಲರ್ ಮರ, ಬಿಳಿ ದನ, ದ್ರಾಕ್ಷಿ ಇಳಿಜಾರು. ಹಿಂದೆ ರೈಲ್ವೆ ಗೇಟು ಕಾಯುವವರು ಇದ್ದ ಪುಟ್ಟ ಮನೆಯನ್ನು ಊರಿನ ಆಡಳಿತದಿಂದ ಬಾಡಿಗೆಗೆ ಹಿಡಿದು ಗಿಲೇನ್ ಊಟದ ಮನೆ ನಡೆಸುತ್ತಿದ್ದಳು. ಆರು ಮೇಜು. ಅದೇ ಅವಳ ಬದುಕು.

ಆ ಮೇ ತಿಂಗಳಲ್ಲಿ ಊರಿನ ಆಡಳಿತದವರು ಅವಳ ಮನೆಯ ಹಿಂದೆ ನೀರಿಲ್ಲದ ಪಾಯಿಖಾನೆ ಇಟ್ಟರು. ನೀರಿನ ಬದಲು ಒಂದು ಬೊಗಸೆ ಮರದ ಹೊಟ್ಟು. ಪಾಯಿಖಾನೆಯೂ ಅನ್ಸೆಲ್ಮನೂ ಒಂದೇ ವಾರ ಬಂದರು. ಒಂದೆರಡು ವಾರಕ್ಕೇ ನಾತ ಶುರುವಾಯಿತು.

ಊರಿನ ಮೇಯರ್ ಪೋಲೆತ್ ಗಿಲೇನ್‌ಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಆದರೂ ಮುಲಾಜಿಲ್ಲದೆ ಹೇಳಿದಳು.

"ನೋಡೇ, ದೂರಿನ ಮೇಲೆ ದೂರು ಬರ್ತಿದೆ. ಆಗಸ್ಟ್ ಮುಗಿಯೋದ್ರೊಳಗೆ ನಾತ ನಿಲ್ಲದಿದ್ರೆ ಸೈಕಲ್‌ನವರ ತಂಗುದಾಣ ಮುಂದಿನ ಊರಿಗೆ ಹೋಗುತ್ತೆ. ನಿನ್ನ ಊಟದ ಮನೆಗೂ ಬೀಗ."

"ನನ್ನ ತಪ್ಪೇನೇ ಇದರಲ್ಲಿ?"

"ನಿನ್ನದಲ್ಲ ಕಣೇ. ಆದ್ರೆ ನಾತದಲ್ಲಿ ಕೂತು ಸೂಪು ಕುಡಿಯೋರು ಯಾರು ಹೇಳು?"

ಗಿಲೇನ್ ಸುಮ್ಮನೆ ಕೂರುವವಳಲ್ಲ. ಪಾಯಿಖಾನೆ ಬಂದ ಮೊದಲ ದಿನದಿಂದಲೇ ಇದ್ದ ಕೆಲಸಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದಳು. ದಿನಾ ಬೆಳಿಗ್ಗೆ ಏಳಕ್ಕೆ, ಮೊದಲ ಸೈಕಲ್ ಬರುವ ಮುನ್ನ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಾಯಿಖಾನೆಗೆ ಹೋಗಿ ಒಂದು ಬಾಟಲಿ ಬ್ಲೀಚ್ ಸುರಿದು ಬರುತ್ತಿದ್ದಳು. ಮೊದಲು ಅರ್ಧ ಬಾಟಲಿ ಹಾಕುತ್ತಿದ್ದಳು, ನಾತ ಹೆಚ್ಚಾದ ಮೇಲೆ ಒಂದು. ಅವಳ ತಾಯಿ ನೆಲಕ್ಕೆ, ಮೋರಿಗೆ, ಕೊನೆಗೆ ಸಮಾಧಿ ಕಲ್ಲಿಗೂ ಬ್ಲೀಚ್ ಹಾಕಿ ಉಜ್ಜುತ್ತಿದ್ದ ಹೆಂಗಸು. ಆ ಘಾಟು ಬಂದರೇನೇ ಆ ಮನೆಯವರಿಗೆ ಸ್ವಚ್ಛ.

ಈ ವಿಷಯ ಯಾರಿಗೂ ಹೇಳಿರಲಿಲ್ಲ. ಅಡುಗೆ ಮಾಡುವ ಕೈಯೇ ಅಲ್ಲಿಗೂ ಹೋಗುತ್ತದೆ ಎಂದು ಗೊತ್ತಾದರೆ ಯಾರು ತಾನೆ ಊಟಕ್ಕೆ ಬರುತ್ತಾರೆ? ಒಳಗಿನ ಗೋಡೆಯ ಮೇಲೆ ಅನ್ಸೆಲ್ಮ್ ಒಂದು ಚೀಟಿ ಅಂಟಿಸಿದ್ದ, 'ಹೊಟ್ಟು ಬಿಟ್ಟು ಬೇರೇನೂ ಹಾಕಬೇಡಿ' ಎಂದು. ಅದು ಕಸ ಹಾಕುವ ಕೊಳಕರಿಗೆ ಬರೆದದ್ದು, ತೊಳೆಯುವವಳಿಗಲ್ಲ ಎಂದುಕೊಂಡಳು.

ಅನ್ಸೆಲ್ಮ್ ವಾರಕ್ಕೊಂದು ಸಲ ಬರಬೇಕಾದವನು ಮೂರು ಸಲ ಬರತೊಡಗಿದ. ರಜೆಯ ಭಾನುವಾರವೂ ಬಂದ. ಮಧ್ಯಾಹ್ನದ ರೊಟ್ಟಿ, ಚೀಸ್ ತಿನ್ನಲು ಹಳೇ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಗಾಳಿ ಬೀಸುವ ದಿಕ್ಕು ನೋಡಿ ಕೂರುತ್ತಿದ್ದ. ತನ್ನ ಮೈ ವಾಸನೆ ಅವಳ ಮೇಜುಗಳ ಕಡೆ ಹೋಗಬಾರದು ಎಂದು.

ಅದನ್ನು ಗಿಲೇನ್ ಕಿಟಕಿಯಿಂದ ನೋಡಿದ್ದಳು. ಮನಸ್ಸು ಒಂದು ಗಳಿಗೆ ಮೆತ್ತಗಾಯಿತು.

'ಎಷ್ಟು ಸಂಕೋಚದ ಮನುಷ್ಯ... ಥೂ! ಪಾಯಿಖಾನೆ ತೆಗೆಯೋನ ಬಗ್ಗೆ ನನಗ್ಯಾಕೆ ಈ ಯೋಚನೆ?'

ಅವಳ ಮಾಜಿ ಗಂಡ ದಿನಕ್ಕೆ ಎರಡು ಸಲ ಸೆಂಟು ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತರೆ ಲ್ಯಾವೆಂಡರ್ ತೋಟ. ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೆ ಗೊತ್ತಾಯಿತು, ಆ ಸೆಂಟು ಇನ್ನೊಬ್ಬಳ ವಾಸನೆ ಮುಚ್ಚಲು ಎಂದು. ಆ ದಿನದಿಂದ ಅವಳಿಗೆ ಗಂಡಸರೆಂದರೆ ಹೇಸಿಗೆ.

ಜುಲೈನ ಒಂದು ಮಧ್ಯಾಹ್ನ ಅನ್ಸೆಲ್ಮ್ ಕೂದಲು ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೆಗಲ ಮೇಲೆ ಒಂದು ಚೀಲ. ಹೊರಗಿನ ಮೇಜಿನಲ್ಲಿ ನಾಲ್ಕು ಜನ ಜರ್ಮನರು ರೂಬಾರ್ಬ್ ಎಂಬ ಹುಳಿ ದಂಟಿನ ಕಡುಬು ತಿನ್ನುತ್ತಿದ್ದರು.

"ನಿಮಗೇ ಮದಾಂ. ಬಾಗಿಲ ಪಕ್ಕದ ಗುಲಾಬಿ ಗಿಡ ಸೊರಗಿದೆಯಲ್ಲ, ಅದಕ್ಕೆ."

ಗಿಲೇನ್ ಚೀಲ ಬಿಚ್ಚಿದಳು. ಕಪ್ಪಗೆ, ಪುಡಿಪುಡಿಯಾದ ಮಣ್ಣು. ಕಾಡಿನ ಮಣ್ಣಿನ ವಾಸನೆ. ಕೈಯಲ್ಲಿ ಹಿಡಿದು ಮೂಸಿದಳು. ಎಷ್ಟೋ ವರ್ಷಗಳ ಮೇಲೆ ಒಬ್ಬ ಗಂಡಸು ಅವಳಿಗೆಂದು ಏನೋ ತಂದಿದ್ದ.

"ಎಷ್ಟು ಚೆನ್ನಾಗಿದೆ! ಎಲ್ಲಿ ಸಿಕ್ತು?"

"ನಾನೇ ಮಾಡಿದ್ದು. ಎರಡು ವರ್ಷ ಮಾಗಿದೆ. ತಿನ್ನೋ ಗಿಡಕ್ಕೆ ಮಾತ್ರ ಹಾಕ್ಬೇಡಿ."

"ಯಾಕೆ?"

ಅವನು ಕಿವಿಯವರೆಗೂ ಕೆಂಪಾದ. "ಅದು... ಹಿಂದೆ ಕೆಲಸ ಮಾಡ್ತಿದ್ದ ಕಡೆಯ ಪಾಯಿಖಾನೆಗಳದ್ದು..."

ಗಿಲೇನ್ ಒಂದು ಕ್ಷಣ ತನ್ನ ಕೈ ನೋಡಿಕೊಂಡಳು. ಆಮೇಲೆ ಕಿರುಚಿದಳು.

"ಹೂವು ತರೋ ಕಡೆ ಹೇಲು ತಂದ್ರಾ? ನಾನು ಮೂಸಿ ನೋಡೋ ತನಕ ಸುಮ್ನೆ ನಿಂತಿದ್ರಾ?"

"ಮದಾಂ, ಅದೀಗ ಬರೀ ಮಣ್ಣು! ನನ್ನ ಹತ್ರ ಇರೋದ್ರಲ್ಲಿ ಒಳ್ಳೇದು ಅಂದ್ರೆ ಇದೇ..."

"ತೊಲಗಿ ಇಲ್ಲಿಂದ!"

ಚೀಲ ಅಂಗಳಕ್ಕೆ ಹಾರಿತು. ಜರ್ಮನರು ಚಮಚ ಕೆಳಗಿಟ್ಟರು. ಅನ್ಸೆಲ್ಮ್ ಬಗ್ಗಿ ಚೆಲ್ಲಿದ್ದನ್ನೆಲ್ಲ ಬೊಗಸೆಯಿಂದ ಬಳಿದುಕೊಂಡು ಹೋದ.

ಆ ಸಂಜೆಯೇ ಗಿಲೇನ್ ಮೇಯರಿಗೆ ಕಾಗದ ಬರೆದಳು. 'ಈ ನೌಕರನಿಗೆ ಸ್ವಚ್ಛತೆಯ ಗಂಧವೇ ಇಲ್ಲ. ನಾತಕ್ಕೆ ಅವನೇ ಕಾರಣ. ಅವನನ್ನು ಬದಲಿಸಿ.'

ಆಗಸ್ಟ್ ಕೊನೆಯ ವಾರ ಉತ್ತರ ಬಂತು. ಸೋಮವಾರದಿಂದ ಅನ್ಸೆಲ್ಮ್ ಹೆದ್ದಾರಿಯ ಡಾಂಬರು ಕೆಲಸಕ್ಕೆ. ಅವಳು ಗೆದ್ದಿದ್ದಳು. ಆದರೂ ಪ್ಲಾಟ್‌ಫಾರ್ಮಿನ ತುದಿಯನ್ನು ದಿನಕ್ಕೆ ಹತ್ತು ಸಲ ನೋಡುವುದು ತಪ್ಪಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳು. ಗಿಲೇನ್ ಎಂದಿನಂತೆ ಪಾಯಿಖಾನೆಯೊಳಗೆ ಹೋಗಿ ಬಾಟಲಿ ಬಗ್ಗಿಸಿದಳು. ಗಳಗಳ ಗಳಗಳ...

ಕೆಳಗಿನಿಂದ ಕೆಮ್ಮು ಕೇಳಿಸಿತು!

ಉಸಿರು ಕಟ್ಟಿದ ಕೆಮ್ಮು. ಬಾಟಲಿ ಬಿಟ್ಟು ಹಿಂಭಾಗಕ್ಕೆ ಓಡಿದಳು. ಅನ್ಸೆಲ್ಮ್ ಹುಲ್ಲಿನ ಮೇಲೆ ಮೊಣಕಾಲೂರಿ ಬಿದ್ದಿದ್ದ. ಕಣ್ಣು ಕೆಂಡ. ಕೊನೆಯ ಸಲ ಪರೀಕ್ಷೆ ಮಾಡೋಣವೆಂದು ಬೇಗ ಬಂದವನು ಹಿಂಬಾಗಿಲಿನಿಂದ ತಲೆ ಒಳಗೆ ಹಾಕಿದ್ದ.

"ಅಯ್ಯೋ ದೇವರೇ! ಅನ್ಸೆಲ್ಮ್! ಈ ಕಡೆ ಬನ್ನಿ, ಗಾಳಿಗೆ..."

ತೋಳು ಹಿಡಿದು ಎಳೆದಳು. ಕೊಳಾಯಿಗೆ ಕರೆದೊಯ್ದು ತನ್ನ ಕೈಯಿಂದಲೇ ಅವನ ಕಣ್ಣು ತೊಳೆದಳು. ಬಹಳ ಹೊತ್ತಿನ ಮೇಲೆ ಅವನಿಗೆ ಉಸಿರು ಬಂತು.

"ಏನು ಸುರಿದ್ರಿ ಮದಾಂ?"

"ಬ್ಲೀಚ್... ದಿನಾ ಸುರೀತೀನಿ. ನಾತ ಹೋಗ್ಲಿ ಅಂತ..."

ಅವನು ಒದ್ದೆ ಮುಖದಲ್ಲೇ ಅವಳನ್ನು ನೋಡಿದ.

"ಮೂತ್ರಕ್ಕೆ ಬ್ಲೀಚ್ ಬಿದ್ರೆ ಘಾಟು ಏಳುತ್ತೆ. ಇಡೀ ತೊಟ್ಟಿ ಕೊಳೆಸೋ ಹುಳು, ಬೂಷ್ಟು ಎಲ್ಲಾ ಸತ್ತು ಹೋಗುತ್ತೆ. ಆಮೇಲೆ ಉಳಿಯೋದು ಬರೀ ಗಬ್ಬು. ಮೂರು ತಿಂಗಳಿಂದ ಹುಡುಕ್ತಿದ್ದೆ ನಾನು, ಏನು ಕೆಟ್ಟಿದೆ ಅಂತ..."

ಗಿಲೇನ್ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಮೂಗು ಮುಚ್ಚಿ ಓಡಿದ ಆ ಅಷ್ಟೂ ಜನ... ಆ ಕಾಗದ... ಎಲ್ಲ ತನ್ನದೇ ಕೈಕೆಲಸ! ಅವಳಿಗೆ ಮೊದಲ ಸಲ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

"ಅಳಬೇಡಿ," ಎಂದ ಅವನು. "ಯಾರಿಗೂ ಹೇಳಲ್ಲ. ಇವತ್ತಿಂದ ಸುರಿಯೋದು ನಿಲ್ಲಿಸಿ. ತೊಟ್ಟಿ ಬದಲಾಯಿಸಿದ್ರೆ ಹತ್ತು ದಿನಕ್ಕೆ ನಾತ ಹೋಗುತ್ತೆ. ಹಳೇ ಕೆಲಸಗಾರ ಹೋದ, ನಾತವೂ ಹೋಯ್ತು ಅಂತಾರೆ. ನಿಮ್ಮ ಊಟದ ಮನೆ ಉಳಿಯುತ್ತೆ."

"ಮತ್ತೆ ನೀವು?"

"ನನಗೆ ಡಾಂಬರಿನ ವಾಸನೆಯೂ ಅಭ್ಯಾಸ ಆಗುತ್ತೆ ಬಿಡಿ."

ಅವನು ನಗಲು ನೋಡಿದ. ಕೆಮ್ಮು ಬಂತು. ಬ್ಯಾಟರಿ ಗಾಡಿ ಹತ್ತಿ ಹೊರಟುಹೋದ.

ಬಾಯಿ ಮುಚ್ಚಿಕೊಂಡಿದ್ದರೆ ಮನೆ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಪೋಲೆತ್ ಸುಮ್ಮನಿರುವವಳಲ್ಲ, ಬೀಗ ಖಂಡಿತ. ಗಿಲೇನ್ ಒಲೆ ಆರಿಸಿದಳು. ಏಪ್ರನ್ ಕೂಡ ಬಿಚ್ಚದೆ ಸೈಕಲ್ ಹತ್ತಿದಳು.

ಶುಕ್ರವಾರ ಊರಿನ ಸಂತೆ. ಪೋಲೆತ್ ಮೀನಿನವನ ಮುಂದೆ ಸಾಲಿನಲ್ಲಿದ್ದಳು. ಹಿಂದೆ ಮುಂದೆ ಅರ್ಧ ಊರು.

"ಪೋಲೆತ್, ನಾತಕ್ಕೆ ಕಾರಣ ನಾನು."

"ಏನಂದೆ?"

"ದಿನಾ ಒಂದು ಬಾಟಲಿ ಬ್ಲೀಚ್ ಸುರೀತಿದ್ದೆ. ಅದಕ್ಕೇ ಗಬ್ಬೆದ್ದಿದ್ದು. ಅನ್ಸೆಲ್ಮ್ ತಪ್ಪಿಲ್ಲ. ನನ್ನ ಕಾಗದ ಹರಿದು ಹಾಕು."

ಮೀನಿನವನು ಮೊದಲು ನಕ್ಕ. ಆಮೇಲೆ ಎಲ್ಲರೂ.

"ಸೂಪಿಗೂ ಅದನ್ನೇ ಹಾಕ್ತೀಯೇನೇ ಗಿಲೇನ್?" ಯಾರೋ ಕೂಗಿದರು.

ಅವಳ ಮುಖ ಉರಿಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಪೋಲೆತ್ ಮಾತ್ರ ನಗಲಿಲ್ಲ.

"ಥೂ ನಿನ್ನ! ಬೇಸಿಗೆ ಪೂರ್ತಿ ನಮಗೆ ಆ ನಾತ ಕುಡಿಸಿದೆಯಲ್ಲೇ! ಒಬ್ಬ ಬಡಪಾಯಿಯ ಹೆಸರೂ ಕೆಡಿಸಿದೆ."

"ಹೌದು."

"ಬೀಗ ಹಾಕ್ಲಾ?"

"ಹಾಕು. ಅವರನ್ನ ಮಾತ್ರ ವಾಪಸ್ ಕರೆಸು."

ಪೋಲೆತ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮೀನಿನ ಪೊಟ್ಟಣ ಬುಟ್ಟಿಗೆ ಹಾಕಿಕೊಂಡಳು.

"ಹಾಗಾದ್ರೆ ಕೇಳು. ಕೆಟ್ಟಿದ್ದೆಲ್ಲ ಖಾಲಿ ಮಾಡಿ ಹೊಸದಾಗಿ ಶುರುಮಾಡ್ಬೇಕು. ಅವನ ಜೊತೆ ನೀನೂ ಸಲಿಕೆ ಹಿಡೀಬೇಕು. ಹದಿನೈದು ದಿನ ಕೊಡ್ತೀನಿ. ಆಮೇಲೂ ನಾತ ಬಂದ್ರೆ ಬೀಗ."

ಶನಿವಾರ ಬೆಳಿಗ್ಗೆ ಅನ್ಸೆಲ್ಮ್ ಬಂದಾಗ ಗಿಲೇನ್ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ಕಾಯುತ್ತಿದ್ದಳು. ಅವನು ತಲೆ ಕೆರೆದುಕೊಂಡ.

"ಸಂತೆಯಲ್ಲಿ ಹೇಳಿಬಿಟ್ರಂತೆ. ಯಾಕೆ ಹೇಳಿದ್ರಿ? ಊರೆಲ್ಲ ನಗ್ತಿದೆ."

"ನಗ್ಲಿ. ಸಲಿಕೆ ಕೊಡಿ."

ಅದು ಹೇಗಿತ್ತೆಂದು ಬರೆದರೆ ಓದುವವರಿಗೆ ಊಟ ಸೇರುವುದಿಲ್ಲ. ಗಿಲೇನ್ ಮೂರು ಸಲ ಬೇಲಿಯ ಪಕ್ಕಕ್ಕೆ ಓಡಿ ವಾಂತಿ ಮಾಡಿದಳು. ಮೂರು ಸಲವೂ ಬಾಯಿ ಒರೆಸಿಕೊಂಡು ವಾಪಸ್ ಬಂದಳು. ದಾರಿಯಲ್ಲಿ ಹೋಗುವ ಸೈಕಲ್‌ಗಳು ವೇಗ ಹೆಚ್ಚಿಸಿದವು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಖಾಲಿಯಾಗಿ, ಒಣಹುಲ್ಲು ಹಾಸಿ, ಮೇಲೆ ಹೊಟ್ಟು ಬಿದ್ದಿತ್ತು. ಇಬ್ಬರೂ ತಲೆಯಿಂದ ಕಾಲಿನವರೆಗೆ ನೋಡಬಾರದ ಹಾಗಿದ್ದರು.

ಅನ್ಸೆಲ್ಮ್ ಎಂದಿನಂತೆ ರೊಟ್ಟಿ ಚೀಲ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಕಡೆ ಹೊರಟ.

"ಎಲ್ಲಿಗೆ?"

"ಊಟಕ್ಕೆ."

"ನನ್ನ ಮನೇಲಿ ಆರು ಮೇಜಿವೆ. ಒಂದರಲ್ಲೂ ಜನ ಇಲ್ಲ. ಕೂತ್ಕೊಳ್ಳಿ."

"ಈ ಸ್ಥಿತೀಲಾ?"

"ನಾನೇನು ಸಿಂಗಾರ ಮಾಡ್ಕೊಂಡಿದೀನಾ?"

ಅವನು ಮೇಜಿನ ಮುಂದಿನ ಬೆಂಚಿನ ಅಂಚಿನಲ್ಲಿ ಕೂತ. ಅವಳು ಎದುರು ಕೂರಲಿಲ್ಲ. ಪಕ್ಕದಲ್ಲಿ ಕೂತಳು.

"ಅನ್ಸೆಲ್ಮ್... ನಿಮ್ಮನ್ನ ಬೇರೆ ಕಡೆ ಹಾಕಿಸಿದ ಮೇಲೆ ಗೊತ್ತಾಯ್ತು. ಮನೆಗೆ ಬೀಗ ಬಿದ್ರೆ ಬೇರೆ ಕಡೆ ಒಲೆ ಹಚ್ಚಬಹುದು. ನೀವು ಬರದಿದ್ರೆ... ಒಲೆ ಹಚ್ಚೋಕೇ ಮನಸ್ಸಿಲ್ಲ ನನಗೆ."

ಅವನು ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲಿಟ್ಟ.

"ನಾನು ವಾರಕ್ಕೆ ಮೂರು ಸಲ ಬರ್ತಿದ್ದಿದ್ದು ಬರೀ ತೊಟ್ಟಿ ನೋಡೋಕಲ್ಲ ಮದಾಂ."

"ಗಿಲೇನ್ ಅನ್ನಿ."

"ಗಿಲೇನ್."

ಅವಳು ಮೆಲ್ಲಗೆ ಅವನ ಹೆಗಲಿಗೆ ತಲೆ ಆನಿಸಿದಳು. ಅವನು ಗಾಬರಿಯಾಗಿ ಸರಿಯಲು ನೋಡಿದ.

"ಬೇಡ... ತುಂಬಾ ವಾಸನೆ ಬರ್ತಿದೀನಿ."

"ಬರ್ತಿದೀರಿ."

"ಮತ್ತೆ?"

"ಸುಮ್ನೆ ಕೂತ್ಕೊಳ್ಳಿ ಅಂದ್ನಲ್ಲ."